ಹಸಿವಾದರೆ ತಾನೇ ತಿನ್ನುತ್ತಾಳೆ ಅಂದುಕೊಂಡಿದ್ದೆ

ಬೆಳ್ಳಿ ಬಿಳಿ ಬೆಕ್ಕು. ಬೆನ್ನ ಮೇಲೆ ಮಾತ್ರ ಬೂದು ಬಣ್ಣದ ಒಂದು ಪಟ್ಟೆ. ಅವಳ ಕಿವಿಯ ಒಳಭಾಗ ತೆಳು ಗುಲಾಬಿ. ಬೆಳಕಿಗೆ ಎದುರಾಗಿ ಕೂತರೆ ಅದರೊಳಗಿನ ಸಣ್ಣ ಸಣ್ಣ ನರಗಳೂ ಕಾಣುತ್ತಿದ್ದವು. ಆ ಶನಿವಾರ ಬೆಳಿಗ್ಗೆ ಮಂಚದ ಕೆಳಗಿನಿಂದ ಅವಳನ್ನು ಎತ್ತಿಕೊಂಡು ಕಿಟಕಿ ಹತ್ತಿರ ಬಂದೆ. ಅದೇ ಕಿವಿ ಹಳೇ ಪುಸ್ತಕದ ಹಾಳೆಯ ಹಾಗೆ ಹಳದಿಯಾಗಿತ್ತು. ಮೇಲ್ದುಟಿ ಸರಿಸಿ ನೋಡಿದೆ, ಒಸಡೂ ಹಳದಿ. ಕೈ ಕಾಲು ತಣ್ಣಗಾಯಿತು.

ಹಿಂದಿನ ರಾತ್ರಿಯೂ ಅವಳನ್ನು ನೋಡಿದ್ದೆ. ಆದರೆ ಮನೆಯ ದೀಪದ ಬೆಳಕಿನಲ್ಲಿ ಎಲ್ಲವೂ ಸ್ವಲ್ಪ ಹಳದಿಯೇ ಅಲ್ವಾ, ಗೊತ್ತಾಗಲಿಲ್ಲ. ಈ ಬಣ್ಣವನ್ನು ಹಗಲಿನ ಬೆಳಕಿನಲ್ಲೇ ನೋಡಬೇಕು ಅನ್ನುವುದು ಆಮೇಲೆ ತಿಳಿಯಿತು. ಕಿವಿಯ ಒಳಗೆ, ಒಸಡು, ಬಾಯಿ ತೆರೆದಾಗ ಮೇಲೆ ಕಾಣುವ ಅಂಗುಳ, ಕಣ್ಣಿನ ಬಿಳಿ ಭಾಗ. ಇವಿಷ್ಟು ಜಾಗ. ಕಪ್ಪು ಬೆಕ್ಕಿನ ಒಸಡೂ ಕೆಲವೊಮ್ಮೆ ಕಪ್ಪಾಗಿರುತ್ತದೆ. ಅಂಥ ಬೆಕ್ಕಿಗೆ ಬಾಯಿಯ ಅಂಗುಳ ನೋಡುವುದೇ ಒಳ್ಳೆಯದು.

ಎಲ್ಲ ಶುರುವಾಗಿದ್ದು ಒಂದು ಒಳ್ಳೆಯ ಉದ್ದೇಶದಿಂದ. ಬೆಳ್ಳಿ 6.4 ಕೆಜಿ ಇದ್ದಳು. ಲಸಿಕೆ ಹಾಕಿಸಲು ಹೋದಾಗ ಡಾಕ್ಟರ್ ಅವಳ ಪಕ್ಕೆ ಸವರಿ, ಎಲುಬು ಕೈಗೆ ಸಿಗುತ್ತಿಲ್ಲ, ತೂಕ ಇಳಿಸಬೇಕು ಅಂದಿದ್ದರು. ನಾನು ಮನೆಗೆ ಬಂದವಳೇ ತೂಕ ಇಳಿಸುವ ಆಹಾರದ ಚೀಲ ತರಿಸಿದೆ. ಹಳೆಯದನ್ನು ಒಂದೇ ದಿನದಲ್ಲಿ ನಿಲ್ಲಿಸಿ ಹೊಸದನ್ನು ಬಟ್ಟಲಿಗೆ ಸುರಿದೆ. ನಿಧಾನವಾಗಿ ಬದಲಿಸಿ ಅಂತ ಆ ಚೀಲದ ಮೇಲೇ ಬರೆದಿತ್ತು. ನಾನು ಓದಿರಲಿಲ್ಲ.

ಮನೆಯಲ್ಲಿ ಇನ್ನೊಂದು ಬೆಕ್ಕಿದೆ, ಕರಿಯ. ಇಬ್ಬರಿಗೂ ಸೇರಿ ಒಂದೇ ದೊಡ್ಡ ಬಟ್ಟಲು. ಬೆಳ್ಳಿ ಹೊಸ ಆಹಾರವನ್ನು ಮೂಸಿ, ನೆಲವನ್ನು ಮಣ್ಣು ಮುಚ್ಚುವ ಹಾಗೆ ಎರಡು ಸಲ ಕೆರೆದು ಹೋದಳು. ಅಮ್ಮ ನೋಡಿ, "ಬಿಡೇ, ಹಸಿವಾದ್ರೆ ತಾನೇ ತಿಂತಾಳೆ" ಅಂದಳು. ನನಗೂ ಹಾಗೇ ಅನಿಸಿತು. ಸಂಜೆ ನೋಡಿದರೆ ಬಟ್ಟಲು ಖಾಲಿ. ಮರುದಿನವೂ ಖಾಲಿ. ಅಂದರೆ ತಿನ್ನುತ್ತಿದ್ದಾಳೆ ಅಂತ ಸಮಾಧಾನ ಮಾಡಿಕೊಂಡೆ. ಅಷ್ಟೂ ತಿನ್ನುತ್ತಿದ್ದವನು ಕರಿಯ.

ಹೀಗಾಗಿ ಬೆಳ್ಳಿ ನಿಜವಾಗಿ ಎಷ್ಟು ದಿನ ಉಪವಾಸ ಇದ್ದಳು ಅಂತ ಡಾಕ್ಟರ್ ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಆರು ದಿನ ಇರಬಹುದು, ಏಳು ಇರಬಹುದು. ಈಗ ಹಿಂದೆ ತಿರುಗಿ ನೋಡಿದರೆ ಒಂದೊಂದೂ ಕಣ್ಣಿಗೆ ಬಿದ್ದಿತ್ತು. ಮೂರನೇ ದಿನ ಅವಳು ನನ್ನ ಕಾಲ ಬಳಿ ಮಲಗುವುದನ್ನು ಬಿಟ್ಟು ಮಂಚದ ಕೆಳಗೆ ಸೇರಿಕೊಂಡಳು. ನಾಲ್ಕನೇ ದಿನ ಹಳದಿ ನೊರೆ ವಾಂತಿ. ಕೂದಲು ನುಂಗಿರಬೇಕು ಅಂದುಕೊಂಡೆ. ಬೆಕ್ಕುಗಳ ಮಲಮೂತ್ರದ ಟ್ರೇ ತೆಗೆಯುವಾಗ ಗಟ್ಟಿ ಮಲ ಒಬ್ಬರದ್ದೇ ಇತ್ತು. ಮರಳಿನಲ್ಲಿ ಮೂತ್ರದ ಉಂಡೆ ಯಾವತ್ತಿಗಿಂತ ಗಾಢ, ಕಿತ್ತಳೆಗೆ ತಿರುಗಿದ ಹಳದಿ. ಐದನೇ ದಿನ ಅವಳ ಗಲ್ಲ ಒದ್ದೆಯಾಗಿತ್ತು, ಜೊಲ್ಲು. ನೀರು ಕುಡಿದು ಬಂದಳೇನೋ ಅಂತ ಬಟ್ಟೆಯಿಂದ ಒರೆಸಿದೆ. ಬೆನ್ನು ಸವರಿದರೆ ಬೆನ್ನೆಲುಬಿನ ಗಂಟುಗಳು ಕೈಗೆ ಸಿಗುತ್ತಿದ್ದವು. ಹೊಟ್ಟೆಯ ಕೊಬ್ಬು ಮಾತ್ರ ಹಾಗೇ ಜೋತಾಡುತ್ತಿತ್ತು. ಹಾಗಾಗಿ ಸೊರಗಿದ್ದಾಳೆ ಅಂತ ಅನಿಸಲೇ ಇಲ್ಲ.

ಇದನ್ನು ಬರೆಯುತ್ತಿರುವುದೇ ಅದಕ್ಕೆ. ಇದರಲ್ಲಿ ಯಾವುದೂ ಗುಟ್ಟಾಗಿ ನಡೆದದ್ದಲ್ಲ. ನಾನು ಒಂದಕ್ಕೊಂದು ಸೇರಿಸಿ ನೋಡಲಿಲ್ಲ ಅಷ್ಟೇ. ಬೆಳೆದ ಬೆಕ್ಕು ಪೂರ್ತಿ ಒಂದು ದಿನ ಏನೂ ತಿನ್ನಲಿಲ್ಲ ಅಂದರೆ ಡಾಕ್ಟರ್‌ಗೆ ಫೋನ್ ಮಾಡಿ. ಎರಡನೇ ದಿನಕ್ಕೂ ಹಾಗೇ ಇದ್ದರೆ ಎತ್ತಿಕೊಂಡು ಹೋಗಿ. ದಪ್ಪಗಿರುವ ಬೆಕ್ಕಾದರೆ ಇನ್ನೂ ಬೇಗ. ಒಂದೆರಡು ಸಲ ನೆಕ್ಕಿತು, ನಾಲ್ಕು ಕಾಳು ತಿಂದಿತು ಅನ್ನುವುದನ್ನು ಊಟ ಅಂತ ಲೆಕ್ಕ ಹಾಕಬೇಡಿ. ಹಳದಿ ಕಾಣುವವರೆಗೆ ಕಾಯಲೇಬೇಡಿ. ಬಣ್ಣ ಕೊನೆಗೆ ಬರುತ್ತದೆ.

ಕ್ಲಿನಿಕ್‌ನಲ್ಲಿ ಬೆಳ್ಳಿಯ ಮುಂಗಾಲಿನಿಂದ ರಕ್ತ ತೆಗೆದರು. ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರ್ ಒಂದು ಸಣ್ಣ ಗಾಜಿನ ಕೊಳವೆ ಹಿಡಿದು ಬಂದರು. ಯಂತ್ರದಲ್ಲಿ ತಿರುಗಿಸಿದ್ದರಿಂದ ಕೆಂಪು ಭಾಗವೆಲ್ಲ ಕೆಳಗೆ ಕೂತಿತ್ತು. ಮೇಲಿನ ದ್ರವ ನೀರಿನ ಹಾಗೆ ತಿಳಿಯಾಗಿ ಇರಬೇಕಂತೆ. ಬೆಳ್ಳಿಯದು ದಟ್ಟ ಹಳದಿ. ಬಿಳಿ ಹಾಳೆಯ ಮುಂದೆ ಹಿಡಿದು, "ನೋಡಿ ಮೇಡಂ, ಕಿವಿಗೆ ಬಂದಿರೋದು ಇದೇ ಬಣ್ಣ" ಅಂದರು.

ಆ ಬಣ್ಣದ ಹೆಸರು ಬಿಲಿರುಬಿನ್. ಹಳೆಯ ಕೆಂಪು ರಕ್ತಕಣ ಒಡೆದಾಗ ಹುಟ್ಟುವ ಕಸ ಅದು. ಲಿವರ್ ಅದನ್ನು ಹಿಡಿದು ಪಿತ್ತದ ಜೊತೆ ಕರುಳಿಗೆ ಸಾಗಿಸುತ್ತದೆ. ಬೆಕ್ಕಿನ ರಕ್ತದಲ್ಲಿ ಅದು 100 ಎಂ.ಎಲ್‌ಗೆ 0.5 ಮಿಲಿಗ್ರಾಂ ಒಳಗೆ ಇರಬೇಕು. ಸುಮಾರು 2 ದಾಟಿದ ಮೇಲೆ ನಮ್ಮ ಕಣ್ಣಿಗೆ ಹಳದಿ ಕಾಣಲು ಶುರುವಾಗುತ್ತದೆ. ಬೆಳ್ಳಿಯದು 7.8 ಇತ್ತು. ಮೂತ್ರದಲ್ಲೂ ಬಿಲಿರುಬಿನ್ ಸಿಕ್ಕಿತು. ನಾಯಿಯ ಮೂತ್ರದಲ್ಲಿ ಅದು ಸ್ವಲ್ಪ ಇದ್ದರೂ ನಡೆಯುತ್ತದಂತೆ. ಬೆಕ್ಕಿನಲ್ಲಿ ಇದ್ದರೆ ಎಲ್ಲೋ ತೊಂದರೆ ಇದೆ ಅಂತಲೇ ಅರ್ಥ. ನನ್ನ ಟ್ರೇಯಲ್ಲಿದ್ದ ಕಿತ್ತಳೆ ಬಣ್ಣದ ಉಂಡೆ ಆಗ ನೆನಪಾಯಿತು.

ಹಳದಿಯಾದ ಮಾತ್ರಕ್ಕೆ ಲಿವರ್ ಕೆಟ್ಟಿದೆ ಅಂತಲೂ ಅಲ್ಲ. ರಕ್ತಕಣಗಳು ಜಾಸ್ತಿ ಒಡೆಯುತ್ತಿದ್ದರೂ ಹೀಗಾಗುತ್ತದೆ. ಪಿತ್ತ ಹರಿಯುವ ನಾಳ ಕಟ್ಟಿಕೊಂಡರೂ ಆಗುತ್ತದೆ. ಅದಕ್ಕೇ ಡಾಕ್ಟರ್ ಮೊದಲು ರಕ್ತಹೀನತೆ ಇಲ್ಲ ಅಂತ ಖಚಿತ ಮಾಡಿಕೊಂಡರು, ಆಮೇಲೆ ಅಲ್ಟ್ರಾಸೌಂಡ್‌ನಲ್ಲಿ ನಾಳ ನೋಡಿದರು. ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಮತ್ತು ಕರುಳನ್ನೂ ತುಂಬಾ ಹೊತ್ತು ನೋಡಿದರು. ಬೆಕ್ಕುಗಳಲ್ಲಿ ಪಿತ್ತನಾಳ ಮತ್ತು ಪ್ಯಾಂಕ್ರಿಯಾಸಿನ ನಾಳ ಕರುಳಿಗೆ ಸೇರುವ ಮುಂಚೆ ಒಂದಾಗುತ್ತವೆ. ಹೀಗಾಗಿ ಒಂದು ಕಡೆಯ ಉರಿಯೂತ ಲಿವರ್, ಪ್ಯಾಂಕ್ರಿಯಾಸ್, ಕರುಳು ಮೂರೂ ಕಡೆ ಕಾಣಿಸಿಕೊಳ್ಳುವುದು ಬೆಕ್ಕುಗಳಲ್ಲಿ ಸಾಮಾನ್ಯ. ಬೆಕ್ಕು ತಿನ್ನುವುದನ್ನು ಬಿಡುವುದರ ಹಿಂದೆ ಹೆಚ್ಚಿನ ಸಲ ಇಂಥ ಬೇರೆ ಕಾಯಿಲೆ ಇರುತ್ತದೆ. ಅದು ಸಿಗದೆ ಹೋದರೆ ಚಿಕಿತ್ಸೆ ಅರ್ಧವೇ ಆದ ಹಾಗೆ. ಬೆಳ್ಳಿಯ ವಿಷಯದಲ್ಲಿ ಬೇರೇನೂ ಸಿಗಲಿಲ್ಲ. ಸಿಕ್ಕಿದ್ದು ಪರದೆಯ ಮೇಲೆ ಬೆಳ್ಳಗೆ ಹೊಳೆಯುತ್ತಿದ್ದ ಲಿವರ್ ಒಂದೇ. ಸಣ್ಣ ಸೂಜಿ ಹಾಕಿ ಒಂದಿಷ್ಟು ಜೀವಕೋಶ ತೆಗೆದು ನೋಡಿದಾಗ ಒಂದೊಂದರಲ್ಲೂ ಕೊಬ್ಬಿನ ಗುಳ್ಳೆ ತುಂಬಿತ್ತು. ಕಾಯಿಲೆಯ ಹೆಸರು ಹೆಪಾಟಿಕ್ ಲಿಪಿಡೋಸಿಸ್. ಲಿವರ್‌ಗೆ ಕೊಬ್ಬು ತುಂಬಿಕೊಳ್ಳುವುದು.

ಸೂಜಿ ಹಾಕುವ ಮುಂಚೆ ವಿಟಮಿನ್ ಕೆ ಚುಚ್ಚುಮದ್ದು ಕೊಟ್ಟಿದ್ದರು. ಲಿವರ್ ಸರಿಯಿಲ್ಲದಾಗ ರಕ್ತ ಹೆಪ್ಪುಗಟ್ಟುವುದೂ ನಿಧಾನವಾಗುತ್ತದೆ. ಇದನ್ನೆಲ್ಲ ಕೇಳಿಸಿಕೊಳ್ಳುವಾಗ ನನಗೆ ಅರ್ಥವಾಗದೆ ಉಳಿದದ್ದು ಒಂದೇ ಪ್ರಶ್ನೆ. ಉಪವಾಸ ಇದ್ದರೆ ಕೊಬ್ಬು ಕರಗಬೇಕು, ಲಿವರ್‌ನಲ್ಲಿ ತುಂಬಿಕೊಳ್ಳುವುದು ಹೇಗೆ?

ಡಾಕ್ಟರ್ ಕೂತು ವಿವರಿಸಿದರು. ಬೆಕ್ಕು ಮಾಂಸ ತಿಂದೇ ಬದುಕುವ ಪ್ರಾಣಿ. ಅದರ ಲಿವರ್ ಹಗಲೂ ರಾತ್ರಿ ಪ್ರೋಟೀನ್ ಉರಿಸುತ್ತಲೇ ಇರುತ್ತದೆ. ಊಟ ನಿಂತರೆ ಆ ಕೆಲಸವನ್ನು ನಮ್ಮ ಹಾಗೆ ತಗ್ಗಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಊಟ ನಿಂತ ಕೂಡಲೇ ಮೈಯಲ್ಲಿ ಕೂಡಿಟ್ಟ ಕೊಬ್ಬು ಕರಗಿ ಲಿವರ್‌ ಕಡೆ ಹರಿಯುತ್ತದೆ. ಲಿವರ್ ಅದರಲ್ಲಿ ಸ್ವಲ್ಪ ಉರಿಸಿ, ಉಳಿದದ್ದನ್ನು ಪ್ರೋಟೀನ್ ಜೊತೆ ಕಟ್ಟಿ ಹೊರಗೆ ಕಳಿಸಬೇಕು. ಕಟ್ಟುವುದಕ್ಕೆ ಪ್ರೋಟೀನ್ ಎಲ್ಲಿಂದ ಬರಬೇಕು? ಊಟವೇ ಇಲ್ಲವಲ್ಲ. ಬರುವುದು ಬರುತ್ತಲೇ ಇರುತ್ತದೆ, ಹೋಗುವ ದಾರಿ ಮುಚ್ಚಿರುತ್ತದೆ. ಜೀವಕೋಶಗಳು ಊದಿ ಪಿತ್ತ ಹರಿಯುವ ಸಣ್ಣ ಕಾಲುವೆಗಳನ್ನು ಒತ್ತುತ್ತವೆ. ಆಗ ಹಳದಿ ಬಣ್ಣ ರಕ್ತಕ್ಕೆ ವಾಪಸ್ ಬರುತ್ತದೆ. ಆಮೇಲೆ ಹೊಟ್ಟೆ ತೊಳಸಿದಂತಾಗಿ ಬೆಕ್ಕಿಗೆ ತಿನ್ನುವ ಆಸೆಯೇ ಹೋಗುತ್ತದೆ. ತಿನ್ನದ ಕಾರಣ ಇನ್ನಷ್ಟು ಕೊಬ್ಬು.

"ಹಸಿವಾದರೆ ತಿನ್ನುತ್ತೆ ಅನ್ನೋ ಮಾತು ಇಲ್ಲಿ ನಡೆಯಲ್ಲ. ಅವಳಿಗೆ ಈಗ ಹಸಿವೇ ಆಗ್ತಿಲ್ಲ" ಅಂದರು. ನಾನು ತಲೆ ತಗ್ಗಿಸಿದೆ. ಅವರು ಬೈದಿರಲಿಲ್ಲ.

ಒಂದು ತಪ್ಪನ್ನಂತೂ ನಾವು ಮಾಡಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಶುಕ್ರವಾರ ರಾತ್ರಿ ಅವಳು ಸುಸ್ತಾಗಿ ಬಿದ್ದಿದ್ದು ನೋಡಿ ಅಮ್ಮ, ಜ್ವರ ಇರಬೇಕು, ಮಕ್ಕಳಿಗೆ ಕೊಡೋ ಪ್ಯಾರಾಸಿಟಮಾಲ್ ಸಿರಪ್ ಎರಡು ಹನಿ ಹಾಕೋಣ ಅಂದಿದ್ದಳು. ಬಾಟಲಿ ಕೈಯಲ್ಲಿ ಹಿಡಿದಿದ್ದೆ, ಯಾಕೋ ಮನಸ್ಸು ಒಪ್ಪಲಿಲ್ಲ. ಆ ಔಷಧಿಯನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ತೀರಾ ಕಡಿಮೆ. ನಮ್ಮ ಒಂದು ಮಾತ್ರೆ ಒಂದು ಬೆಕ್ಕನ್ನು ಕೊಲ್ಲಬಹುದು. ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ, ಉಸಿರಾಟ ಕಷ್ಟವಾಗುತ್ತದೆ. ಪ್ಯಾರಾಸಿಟಮಾಲ್ ಹೊಟ್ಟೆಗೆ ಹೋಗಿದೆ ಅಂತ ಅನುಮಾನ ಬಂದರೂ ಸಾಕು, ಲಕ್ಷಣ ಬರುವವರೆಗೆ ಕಾಯದೆ ಓಡಬೇಕು. ಮನುಷ್ಯರ ಔಷಧಿ ಡಬ್ಬಿಯಿಂದ ಬೆಕ್ಕಿಗೆ ಸುಮ್ನೆ ಏನನ್ನೂ ಕೊಡಬೇಡಿ. ದಯವಿಟ್ಟು.

ಬದಲಿಗೆ ನಾನು ಮಾಡಿದ್ದು ಬೇರೆ. ಅದೇ ರಾತ್ರಿ ಸಿರಿಂಜ್‌ನಲ್ಲಿ ಮೆತ್ತನೆ ಆಹಾರ ತುಂಬಿ ಬಾಯಿಗೆ ಹಾಕಲು ಹೋದೆ. ಬೆಳ್ಳಿ ತಲೆ ಕೊಡವಿದಳು, ಅರ್ಧ ನನ್ನ ಬಟ್ಟೆ ಮೇಲೆ, ಅರ್ಧ ಅವಳ ಎದೆ ಮೇಲೆ. ಜೊಲ್ಲು ದಾರದ ಹಾಗೆ ಇಳಿಯಿತು. ಡಾಕ್ಟರ್ ಇದನ್ನು ಕೇಳಿದ ಕೂಡಲೇ, ಇನ್ನು ಹಾಗೆ ಮಾಡಬೇಡಿ ಅಂದರು. ತುರುಕಿದ ಆಹಾರ ಶ್ವಾಸಕೋಶಕ್ಕೆ ಹೋಗಬಹುದು. ಅದಕ್ಕಿಂತ ಮುಖ್ಯವಾಗಿ, ಹೊಟ್ಟೆ ತೊಳಸುತ್ತಿರುವಾಗ ಬಲವಂತವಾಗಿ ತಿನ್ನಿಸಿದ ವಾಸನೆಯನ್ನು ಬೆಕ್ಕು ಮರೆಯುವುದಿಲ್ಲ. ಗುಣವಾದ ಮೇಲೂ ಆ ಆಹಾರದ ಹತ್ತಿರ ಸುಳಿಯುವುದಿಲ್ಲ. ಮತ್ತೆ, ಒಂದು ದಿನಕ್ಕೆ ಬೇಕಾದಷ್ಟನ್ನು ಈ ರೀತಿ ಹೊಟ್ಟೆಗೆ ಸೇರಿಸುವುದು ಆಗುವ ಮಾತೇ ಅಲ್ಲ.

ಈ ಕಾಯಿಲೆಗೆ ಊಟವೇ ಔಷಧಿ. ಉಳಿದದ್ದೆಲ್ಲ ಅದಕ್ಕೆ ಸಹಾಯ. ವಾಂತಿ ನಿಲ್ಲಿಸಲು ಮರೋಪಿಟಂಟ್, ಡ್ರಿಪ್‌ನಲ್ಲಿ ಪೊಟ್ಯಾಸಿಯಂ, ಬಿ12 ಚುಚ್ಚುಮದ್ದು, ಎಲ್ಲ ಕೊಟ್ಟರು. ಆದರೆ ಊಟ ಹೊಟ್ಟೆಗೆ ಹೋಗಲೇಬೇಕು, ಅದೂ ವಾರಗಟ್ಟಲೆ. ಅದಕ್ಕೆ ಕುತ್ತಿಗೆಯ ಎಡಬದಿಯಿಂದ ಅನ್ನನಾಳಕ್ಕೆ ಒಂದು ಟ್ಯೂಬ್ ಹಾಕಬೇಕು ಅಂದರು. ನಾನು ಮೊದಲು ಬೇಡ ಅಂದೆ. ಕುತ್ತಿಗೆ ಕೊಯ್ಯುವುದು ಅಂದರೆ ಯಾರಿಗೆ ತಾನೇ ಮನಸ್ಸು ಬರುತ್ತದೆ? ಇಷ್ಟು ಸುಸ್ತಾಗಿರುವ ಜೀವಕ್ಕೆ ಅರಿವಳಿಕೆ ಬೇರೆ. ಹಸಿವು ಹೆಚ್ಚಿಸುವ ಔಷಧಿ ಸಾಕಾಗುವುದಿಲ್ಲವಾ ಅಂತ ಕೇಳಿದೆ. ಆಗಷ್ಟೇ ಊಟ ಬಿಡಲು ಶುರುಮಾಡಿದ ಬೆಕ್ಕಿಗೆ ಅದು ಉಪಯೋಗಕ್ಕೆ ಬರುತ್ತದೆ, ಈ ಹಂತದಲ್ಲಿ ಅದನ್ನು ನಂಬಿಕೊಂಡು ಕೂತರೆ ದಿನ ಕಳೆದುಹೋಗುತ್ತವೆ ಅಂದರು. ಎರಡು ದಿನ ಮೂಗಿನ ಸಣ್ಣ ಟ್ಯೂಬ್ ಮತ್ತು ಡ್ರಿಪ್‌ನಲ್ಲಿ ಅವಳನ್ನು ಸ್ವಲ್ಪ ಗಟ್ಟಿ ಮಾಡಿ, ಮೂರನೇ ದಿನ ಕುತ್ತಿಗೆಯ ಟ್ಯೂಬ್ ಹಾಕಿದರು. ಮಧ್ಯಾಹ್ನ ಹೋಗಿ ನೋಡಿದಾಗ ಕುತ್ತಿಗೆಗೆ ಪಟ್ಟಿ ಸುತ್ತಿಕೊಂಡು, ಮುಂಗಾಲು ಮಡಚಿ ಕೂತಿದ್ದಳು. ನನ್ನ ಬೆರಳಿಗೆ ಹಣೆ ಒತ್ತಿದಳು.

ಊಟ ಶುರುಮಾಡುವುದರಲ್ಲೂ ಅಪಾಯವಿದೆ ಅನ್ನುವುದು ನನಗೆ ಹೊಸ ವಿಷಯ. ಅಷ್ಟು ದಿನ ಖಾಲಿ ಇದ್ದ ಮೈಗೆ ಒಮ್ಮೆಲೇ ಪೂರ್ತಿ ಊಟ ಹೋದರೆ, ರಕ್ತದಲ್ಲಿದ್ದ ಫಾಸ್ಫರಸ್ ಮತ್ತು ಪೊಟ್ಯಾಸಿಯಂ ಒಟ್ಟಿಗೆ ಜೀವಕೋಶಗಳ ಒಳಗೆ ಹೋಗಿಬಿಡುತ್ತವೆ. ಫಾಸ್ಫರಸ್ ತೀರಾ ಕುಸಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಪೊಟ್ಯಾಸಿಯಂ ಕುಸಿದರೆ ಬೆಕ್ಕಿಗೆ ತಲೆ ಎತ್ತುವುದಕ್ಕೂ ಆಗುವುದಿಲ್ಲ, ಗಲ್ಲ ಎದೆಗೆ ತಾಗುತ್ತದೆ. ಹಾಗಾಗಿ ಮೊದಲ ದಿನ ಕಾಲು ಭಾಗ ಮಾತ್ರ. ಬೆಳ್ಳಿ ಆಗ 5.6 ಕೆಜಿ, ದಿನಕ್ಕೆ ಬೇಕಾದದ್ದು ಸುಮಾರು 240 ಕ್ಯಾಲೊರಿ. ಮೊದಲ ದಿನ 60. ಒಂದು ಸಲಕ್ಕೆ 10 ಎಂ.ಎಲ್, ದಿನಕ್ಕೆ ಆರು ಸಲ. ಆಮೇಲೆ ದಿನದಿಂದ ದಿನಕ್ಕೆ ಹೆಚ್ಚಿಸುತ್ತಾ 40 ಎಂ.ಎಲ್‌ಗೆ ಬಂದೆವು. ಆ ದಿನಗಳಲ್ಲಿ ಪದೇ ಪದೇ ರಕ್ತ ಪರೀಕ್ಷೆ ಮಾಡಿದರು. ಲಿವರ್ ಕಾಯಿಲೆ ಅಂದರೆ ಪ್ರೋಟೀನ್ ಕಡಿಮೆ ಕೊಡಬೇಕು ಅಂತ ನಾನು ಅಂದುಕೊಂಡಿದ್ದೆ. ಇಲ್ಲಿ ಉಲ್ಟಾ. ತಲೆಗೆ ಅಮೋನಿಯಾ ಏರಿ ಮಂಕಾದ ಬೆಕ್ಕುಗಳನ್ನು ಬಿಟ್ಟರೆ, ಬಾಕಿಯವಕ್ಕೆ ಪ್ರೋಟೀನ್ ಚೆನ್ನಾಗಿಯೇ ಬೇಕು.

ಐದನೇ ದಿನ ಮನೆಗೆ ಕರೆತಂದೆ. ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು, ಮತ್ತೆ ಎರಡು. ಒಂದು ನೋಟ್‌ಬುಕ್ ಇಟ್ಟೆ. ಎಷ್ಟು ಹೋಯಿತು, ವಾಂತಿ ಆಯಿತಾ, ಮೂತ್ರದ ಬಣ್ಣ, ತೂಕ. ರಾತ್ರಿ ಎರಡರ ಸರದಿ ಅಮ್ಮನದು. ಅವಳೇ ಕೇಳಿ ತೆಗೆದುಕೊಂಡಳು.

ಆ ಸರದಿ ಹೇಗಿರುತ್ತಿತ್ತು ಅಂದರೆ, ಆಹಾರವನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಮೈ ಬಿಸಿಗೆ ತರುವುದು. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡುವುದು. ಗಂಟು ಇಲ್ಲದ ಹಾಗೆ ಸೋಸಿ ಸಿರಿಂಜ್‌ಗೆ ಎಳೆಯುವುದು. ಪಟ್ಟಿಯಿಂದ ಹೊರಗೆ ಬಂದ ಟ್ಯೂಬಿನ ಮುಚ್ಚಳ ತೆಗೆದು ಮೊದಲು 5 ಎಂ.ಎಲ್ ಉಗುರುಬೆಚ್ಚಗಿನ ನೀರು. ಕೆಮ್ಮಿದರೆ ಅಲ್ಲಿಗೇ ನಿಲ್ಲಿಸಬೇಕು, ಟ್ಯೂಬ್ ಜಾಗ ಬಿಟ್ಟಿರಬಹುದು. ಕೆಮ್ಮದಿದ್ದರೆ ಆಹಾರ. ನಿಧಾನವಾಗಿ, ಹದಿನೈದು ಇಪ್ಪತ್ತು ನಿಮಿಷ. ಬಾಯಲ್ಲಿ ಏನೂ ಇಲ್ಲದಿದ್ದರೂ ಬೆಳ್ಳಿ ಒಮ್ಮೆ ನುಂಗುತ್ತಿದ್ದಳು, ಒಮ್ಮೊಮ್ಮೆ ತುಟಿ ನೆಕ್ಕುತ್ತಿದ್ದಳು. ತುಟಿ ಜಾಸ್ತಿ ನೆಕ್ಕಿದರೆ ಹೊಟ್ಟೆ ತೊಳಸುತ್ತಿದೆ ಅಂತ ಅರ್ಥ, ಕೈ ತಡೆಯಬೇಕು. ಕೊನೆಗೆ ಮತ್ತೆ ನೀರು, ಇಲ್ಲದಿದ್ದರೆ ಟ್ಯೂಬ್ ಕಟ್ಟಿಕೊಳ್ಳುತ್ತದೆ. ಆಮೇಲೆ ಮುಚ್ಚಳ. ಆ ಸಣ್ಣ ಟಕ್ ಶಬ್ದ ಕೇಳಿದರೆ ಸಾಕು, ಅವಳು ಎದ್ದು ಹೋಗಿ ಮೂಲೆಯಲ್ಲಿ ಮಲಗುತ್ತಿದ್ದಳು.

ಒಂದು ರಾತ್ರಿ ಅಮ್ಮ ಅವಳ ಪಕ್ಕ ನೆಲದ ಮೇಲೆ ಕೂತು, ಸಿರಿಂಜ್ ಒತ್ತುತ್ತಾ, "ನನ್ ಮಾತು ಕೇಳಿ ಹೀಗಾಯ್ತಲ್ಲೇ ಕಂದಾ" ಅನ್ನುತ್ತಿದ್ದಳು. ನಾನು ಬಾಗಿಲಲ್ಲೇ ನಿಂತೆ, ಒಳಗೆ ಹೋಗಲಿಲ್ಲ. ಬಟ್ಟಲು ತುಂಬಿದ್ದು ನಾನು, ಅಮ್ಮ ಅಲ್ಲ. ಬೆಳಿಗ್ಗೆ ಅದನ್ನು ಅವಳಿಗೆ ಹೇಳಿದೆ.

ಹಳದಿ ಒಂದೇ ಸಲ ಹೋಗಲಿಲ್ಲ. ಮೊದಲು ಮೂತ್ರದ ಬಣ್ಣ ತಿಳಿಯಾಯಿತು. ಹತ್ತನೇ ದಿನ ಬಿಲಿರುಬಿನ್ 4ಕ್ಕೆ ಇಳಿದಿತ್ತು. ಒಸಡು ಗುಲಾಬಿಯಾಯಿತು, ಕಿವಿ ಕೊನೆಗೆ. ಅವಳು ಮೈ ನೆಕ್ಕಿಕೊಳ್ಳಲು ಶುರುಮಾಡಿದ ದಿನ ನೋಟ್‌ಬುಕ್‌ನಲ್ಲಿ ಬೇರೇನೂ ಬರೆಯದೆ ಅದನ್ನೇ ದೊಡ್ಡದಾಗಿ ಬರೆದಿದ್ದೇನೆ.

ಇಪ್ಪತ್ತಮೂರನೇ ದಿನ ಕರಿಯ ತಿನ್ನುತ್ತಿದ್ದ. ಬೆಳ್ಳಿ ಹಿಂದಿನಿಂದ ಬಂದು ಅವನ ತಲೆಯನ್ನು ತನ್ನ ತಲೆಯಿಂದ ತಳ್ಳಿ ಬಟ್ಟಲಿಗೆ ಬಾಯಿ ಹಾಕಿದಳು. ಕಾಳು ಕಡಿಯುವ ಕಟುಂ ಶಬ್ದ. ಅಮ್ಮ ಅಡುಗೆಮನೆಯಿಂದ, "ಯಾರೇ ಅದು ತಿಂತಿರೋದು?" ಅಂತ ಕೂಗಿದಳು. ನನಗೆ ಉತ್ತರ ಕೊಡಲು ಬಾಯಿ ಬರಲಿಲ್ಲ. ಎಂಟೋ ಒಂಬತ್ತೋ ಕಾಳು ತಿಂದಳು ಅಷ್ಟೇ. ಆದರೂ ಟ್ಯೂಬ್ ತಕ್ಷಣ ತೆಗೆಯಲಿಲ್ಲ. ಟ್ಯೂಬಿನ ಊಟವನ್ನು ಕಡಿಮೆ ಮಾಡುತ್ತಾ ಬಂದು, ಅವಳೇ ಎರಡು ವಾರ ಪೂರ್ತಿ ತಿಂದು, ತೂಕ ಇಳಿಯಲಿಲ್ಲ ಅಂತ ಗೊತ್ತಾದ ಮೇಲೆಯೇ ತೆಗೆದರು. ಹೊಲಿಗೆ ಕತ್ತರಿಸಿ ಎಳೆದರು, ಒಂದು ಕ್ಷಣದ ಕೆಲಸ. ತೂತು ಕೆಲವು ದಿನದಲ್ಲಿ ತಾನೇ ಮುಚ್ಚಿಕೊಂಡಿತು. ಈ ಕಾಯಿಲೆಯಿಂದ ಪಾರಾದ ಬೆಕ್ಕಿನ ಲಿವರ್ ಮೊದಲಿನಂತೆಯೇ ಕೆಲಸ ಮಾಡುತ್ತದೆ, ಮತ್ತೆ ಮರುಕಳಿಸುವುದು ಅಪರೂಪ ಅಂದರು ಡಾಕ್ಟರ್.

ಈಗ ಇಬ್ಬರಿಗೂ ಬೇರೆ ಬೇರೆ ಬಟ್ಟಲು, ಬೇರೆ ಬೇರೆ ಕೋಣೆ. ಅರ್ಧ ಗಂಟೆ ಆದಮೇಲೆ ಉಳಿದದ್ದನ್ನು ತೂಗಿ ಬರೆಯುತ್ತೇನೆ. ತೂಕವನ್ನು ಇನ್ನೂ ಇಳಿಸಬೇಕಿದೆ, ಆದರೆ ವಾರಕ್ಕೆ ಮೈತೂಕದ ನೂರಕ್ಕೆ ಒಂದು ಪಾಲು ಮಾತ್ರ. ಬೆಳ್ಳಿಗೆ ಅದು 55 ಗ್ರಾಂ. ಅಷ್ಟು ಸಣ್ಣ ಲೆಕ್ಕ ನಾನು ಎತ್ತಿಕೊಂಡು ನಿಲ್ಲುವ ತಕ್ಕಡಿಯಲ್ಲಿ ಸಿಗುವುದಿಲ್ಲ, ಅದಕ್ಕೆ ಮಕ್ಕಳನ್ನು ತೂಗುವ ತಕ್ಕಡಿ ತಂದಿದ್ದೇನೆ. ಹೊಸ ಆಹಾರವನ್ನು ಹಳೆಯದರ ಜೊತೆ ಒಂದು ಚಮಚದಿಂದ ಶುರುಮಾಡಿ ಮೂರು ವಾರ ತೆಗೆದುಕೊಂಡು ಬದಲಿಸಿದೆ. ಒಂದು ಹೊತ್ತು ಮೂಸಿ ಬಿಟ್ಟರೂ ಮರುದಿನ ಹಳೆಯದನ್ನೇ ಜಾಸ್ತಿ ಹಾಕುತ್ತಿದ್ದೆ.

ಕುತ್ತಿಗೆಯಲ್ಲಿ ಬೋಳಿಸಿದ್ದ ಕೂದಲು ಪೂರ್ತಿ ಬೆಳೆದಿದೆ. ಆದರೆ ಎಡಬದಿಯಲ್ಲಿ ಬೆರಳಾಡಿಸಿದರೆ ಕಾಳಿನಷ್ಟು ಗಟ್ಟಿ ಜಾಗ ಸಿಗುತ್ತದೆ. ಬೆಳಿಗ್ಗೆ ಅವಳು ಕಿಟಕಿಯಲ್ಲಿ ಕೂತಾಗ ಮೊದಲು ಅಲ್ಲಿ ಮುಟ್ಟುತ್ತೇನೆ, ಆಮೇಲೆ ಕಿವಿಯನ್ನು ಬೆಳಕಿಗೆ ಮಡಚಿ ನೋಡುತ್ತೇನೆ. ಅವಳಿಗೆ ಇದು ಇಷ್ಟವಿಲ್ಲ, ತಲೆ ಕೊಡವುತ್ತಾಳೆ. ಇವತ್ತೂ ನೋಡಿದೆ. ಗುಲಾಬಿ.